ಬಣವೆ ಮೇಲಿನ ನಾಯಿ, ಪ್ಲೇಟಿನ ಮೇಲಿನ ನಾಯಿ

ಬ್ಲಾಗಿನ ಕಡೆ ತಲೆ ಹಾಕಿ ನಾಲ್ಕು ತಿಂಗಳಾಯ್ತು. ಆಫೀಸು, ಡೆಡ್‌ಲೈನು, ಮನೆ ಬದಲಾವಣೆ... ನೆಪಗಳಿಗೇನು ಬರ? ಇವತ್ತು ಬರೆಯೋದಕ್ಕೆ ಕಾರಣವೂ ಆ ಮನೆ ಬದಲಾವಣೆಯೇ.

ಕಳೆದ ಭಾನುವಾರ ಹೊಸ ಬಾಡಿಗೆ ಮನೆಗೆ ಸಾಮಾನು ಸಾಗಿಸ್ತಾ ಇದ್ದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲವನ್ನೂ ಮಾತಿಲ್ಲದೆ ಹೊತ್ತ ಹುಡುಗ ಕೊನೆಗೆ ಮೂರು ರಟ್ಟಿನ ಡಬ್ಬಗಳ ಮುಂದೆ ಬಂದು ನಿಂತ. ಒಂದನ್ನು ಎತ್ತಿದ, ಮತ್ತೆ ಇಳಿಸಿದ. "ಏನ್ ಸಾರ್ ಇದು, ಕಲ್ಲು ಚಪ್ಪಡಿನಾ?" ಅಂತ ಕೇಳಿದ. "ಇಲ್ಲಪ್ಪ, ಹಾಡು" ಅಂದೆ. ಅವನು ಒಂದು ಸಲ ನನ್ನ ಮುಖ ನೋಡಿದ, ಒಂದು ಸಲ ತನ್ನ ಕೈಯಲ್ಲಿದ್ದ ಮೊಬೈಲ್ ನೋಡಿಕೊಂಡ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳುವುದಕ್ಕೆ ಇನ್ನೇನೂ ಉಳಿದಿರಲೂ ಇಲ್ಲ :)

ಆ ಡಬ್ಬಗಳಲ್ಲಿದ್ದದ್ದು ನನ್ನ ಆರು ವರ್ಷದ ಹುಚ್ಚು. ಸುಮಾರು 300 ಗ್ರಾಮಫೋನ್ ತಟ್ಟೆ. ನಮ್ಮಜ್ಜಿ ಬಾಯಲ್ಲಿ 'ಪ್ಲೇಟು'. ಅದರಲ್ಲಿ 38 ಅರಗಿನ ಹಳೇ 78ರ ತಟ್ಟೆಗಳು, ಉಳಿದವು ವಿನೈಲ್ ಎಲ್‌ಪಿ, ಇಪಿಗಳು. ಡಬ್ಬ ಒಂದಕ್ಕೆ 25 ಕೆಜಿ ತೂಗಬಹುದು. ಹುಡುಗನ ಜೊತೆ ನಾನೂ ಒಂದು ತುದಿ ಹಿಡಿದು ಮೂರು ಮಹಡಿ ಹತ್ತಿದೆ. ಹತ್ತುವಾಗ ಮೆಟ್ಟಿಲಿಗೊಂದರಂತೆ ಬಂದ ಯೋಚನೆಗಳನ್ನೇ ಇಲ್ಲಿ ಬರೀತಾ ಇದ್ದೀನಿ. ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಜಗಳ ತಟ್ಟೆ ಸಂಗ್ರಹಿಸುವವರ ಮೇಲೆ, ಅಂದ್ರೆ ನನ್ನದೇ ಜಾತಿಯವರ ಮೇಲೆ. ಹೊರಗಿನವರು ನಮ್ಮನ್ನು ನೋಡಿ ನಗಲಿ, ತೊಂದರೆಯಿಲ್ಲ. ಒಳಗಿನವನೇ ಬೈದರೆ ಸ್ವಲ್ಪ ನಾಟಬಹುದು ಅನ್ನೋ ಆಸೆ.

ಸುಖ ಇಲ್ಲ ಅಂತ ಯಾರು ಹೇಳಿದ್ದು?

ಮೊದಲು ಸುಖದ ಮಾತು. ಇಲ್ಲದಿದ್ರೆ 'ಇವನಿಗೆ ರಸವೇ ಗೊತ್ತಿಲ್ಲ' ಅಂತ ಕಮೆಂಟು ಹಾಕ್ತೀರಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ, ತುಕ್ಕು ಹಿಡಿದ ಸ್ಪ್ಯಾನರುಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಧೂಳು ಹಿಡಿದ ರಟ್ಟಿನ ಕವರುಗಳನ್ನು ಒಂದೊಂದಾಗಿ ತಿರುವಿಹಾಕುವ ಸುಖ ಇದೆಯಲ್ಲ, ಅದು ಹೇಳಿದ್ರೆ ಅರ್ಥ ಆಗಲ್ಲ. ಹತ್ತು ಹಿಂದಿ, ನಾಲ್ಕು ತಮಿಳು, ಎರಡು ಬೈಬಲ್ ಪಾಠ, ಒಂದು 'ಶೋಲೆ' ಸಂಭಾಷಣೆಯ ಎಲ್‌ಪಿ (ಹಾಡಲ್ಲ, ಬರೀ ಡೈಲಾಗು! 1975ರ ಸಿನಿಮಾದ ಮಾತುಗಳನ್ನು ಜನ ಮನೆಗೆ ತಂದು ಕೇಳ್ತಿದ್ರು)... ಆಮೇಲೆ ಎಲ್ಲೋ ತಳದಲ್ಲಿ ಒಂದು ಕನ್ನಡ ಇಪಿ. ಹಿಂದೆ ನೀಲಿ ಇಂಕಿನಲ್ಲಿ 'ಮದುವೆಯ ಉಡುಗೊರೆ' ಅಂತ ಬರೆದು ಸಹಿ. ಯಾರ ಮದುವೆ? ಕೊಟ್ಟವರು ಯಾರು? ಆ ಗಂಡ ಹೆಂಡತಿ ಅದನ್ನು ಎಷ್ಟು ಸಲ ಕೇಳಿದ್ರು? ಎಷ್ಟು ಜಗಳದ ನಂತರ ಕೇಳಿದ್ರು? ಎಂಪಿ3 ಫೈಲಿಗೆ ಇಂಥ ಪ್ರಶ್ನೆ ಕೇಳೋಕಾಗಲ್ಲ.

ಎರಡನೇ ಸುಖ ಕೂತು ಕೇಳುವುದು. ಎಲ್‌ಪಿಯ ಒಂದು ಮಗ್ಗುಲು ಇಪ್ಪತ್ತು ನಿಮಿಷ ಚಿಲ್ಲರೆ. ಮುಗಿದ ಮೇಲೆ ಎದ್ದು ಹೋಗಿ ತಿರುಗಿಸಿ ಹಾಕಬೇಕು. ಇಷ್ಟವಿಲ್ಲದ ಹಾಡನ್ನು ದಾಟಿಸೋದು ರಗಳೆ, ಹಾಗಾಗಿ ಅದನ್ನೂ ಕೇಳ್ತೀವಿ. ನನಗೆ ಇವತ್ತು ತುಂಬಾ ಇಷ್ಟವಾದ ಹಾಡುಗಳಲ್ಲಿ ಅರ್ಧಕ್ಕರ್ಧ ಹೀಗೆ ಎದ್ದು ಹೋಗಲು ಸೋಮಾರಿತನವಾಗಿ ಕೇಳಿಸಿಕೊಂಡವು. ದಿನವಿಡೀ ಹತ್ತು ವಿಂಡೋ ತೆರೆದಿಟ್ಟುಕೊಂಡು ಕೆಲಸ ಮಾಡುವ ನಮ್ಮಂಥವರಿಗೆ ಒಂದೇ ಕೆಲಸವನ್ನು ಇಪ್ಪತ್ತು ನಿಮಿಷ ಮಾಡಿಸುವ ಯಂತ್ರ ಅಂದ್ರೆ ಸಣ್ಣ ವಿಷಯವಲ್ಲ.

ಮೂರನೆಯದು ಕವರು ಓದುವುದು. ಬರೆದವರು ಯಾರು, ರಾಗ ಹಾಕಿದವರು ಯಾರು, ಎಷ್ಟೋ ಸಲ ಕೊಳಲು, ತಬಲಾ ನುಡಿಸಿದವರು ಯಾರು ಅಂತ ಅಲ್ಲಿ ಅಚ್ಚಾಗಿರುತ್ತೆ. ಈಗಿನ ಆಪುಗಳಲ್ಲಿ ಎಷ್ಟೋ ಹಳೇ ಕನ್ನಡ ಹಾಡುಗಳ ಕೆಳಗೆ ಬರೆದ ಕವಿಯ ಹೆಸರೇ ಇರಲ್ಲ. ತಟ್ಟೆಯ ಕವರು ಮರೆತಿಲ್ಲ.

ಇಷ್ಟು ಸುಖ ನಿಜ. ಇದಕ್ಕಾಗಿ ಮೂರು ಮಹಡಿ ಹೊತ್ತಿದ್ದಕ್ಕೆ ನನಗೇನೂ ಬೇಜಾರಿಲ್ಲ. ನನ್ನ ತಕರಾರು ಈ ಸುಖ ಸಾಲದು ಅಂತ ನಾವು ಅದಕ್ಕೆ ಅಂಟಿಸಿಕೊಂಡಿರುವ ಎರಡು ಸುಳ್ಳುಗಳ ಬಗ್ಗೆ.

ಮೊದಲ ಸುಳ್ಳು: 'ಇದರ ಸೌಂಡೇ ಬೇರೆ ಗುರೂ'

ನಾನು ಓದಿದ್ದು ಎಲೆಕ್ಟ್ರಾನಿಕ್ಸು, ಹೊಟ್ಟೆಗೆ ಹಿಟ್ಟು ಸಾಫ್ಟ್‌ವೇರಿಂದ. ಆದರೂ ಓದಿದ್ದು ಪೂರ್ತಿ ಮರೆತಿಲ್ಲ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ಒಂದೇ ವೇಗದಲ್ಲಿ ಸುತ್ತುತ್ತೆ. ಆದರೆ ಮುಳ್ಳಿನ ಕೆಳಗೆ ಗೆರೆ ಹರಿಯುವ ವೇಗ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಹರಿದರೆ, ಲೇಬಲ್ ಹತ್ತಿರ ಬರುವ ಹೊತ್ತಿಗೆ ಸುಮಾರು 20ಕ್ಕೆ ಇಳಿದಿರುತ್ತೆ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಅದಕ್ಕೇ ಪ್ರತಿ ಮಗ್ಗುಲಿನ ಕೊನೆಯ ಹಾಡಿನಲ್ಲಿ 'ಸ'ಕಾರಗಳು ಸೀಳುವುದು. ತಂತ್ರಜ್ಞಾನವೇ ಹಾಗಿದೆ, ಭಕ್ತಿಯಿಂದ ಅದು ಸರಿಹೋಗಲ್ಲ. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ಇರುವ ಅಂತರ ತಗೊಂಡ್ರೆ, 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಅದು 96 ಡೆಸಿಬೆಲ್ಲಿನ ಆಸುಪಾಸು. ಒಳ್ಳೇ ಎಲ್‌ಪಿಯಲ್ಲಿ 60-70.

'ಲೆಕ್ಕ ಬಿಡಿ ಸಾರ್, ಕಿವಿ ಹೇಳುತ್ತೆ' ಅನ್ನೋರಿಗೆ ಒಂದು ಕತೆ. ಅಮೆರಿಕದಲ್ಲಿ ಮೊಬೈಲ್ ಫಿಡೆಲಿಟಿ ಅಂತ ಒಂದು ಕಂಪನಿ ಇದೆ. ಮೂಲ ಟೇಪಿನಿಂದ ದುಬಾರಿ ಎಲ್‌ಪಿಗಳನ್ನು ಮಾಡುವುದರಲ್ಲಿ ಹೆಸರುವಾಸಿ. ನಡುವೆ ಎಲ್ಲೂ ಡಿಜಿಟಲ್ ಸೋಕಿಲ್ಲ ಅಂತ ನಂಬಿ ಜನ ನೂರು ಡಾಲರಿಗೂ ಮೇಲೆ ಕೊಟ್ಟು ಕೊಂಡ್ರು. 2022ರ ಜುಲೈನಲ್ಲಿ ಅರಿಝೋನಾದ ಒಬ್ಬ ತಟ್ಟೆ ಅಂಗಡಿಯವನು 'ಇದರಲ್ಲಿ ಡಿಜಿಟಲ್ ಹಂತ ಇದೆ' ಅಂತ ಬಹಿರಂಗವಾಗಿ ಹೇಳಿದ. ಕಂಪನಿ ಒಪ್ಪಿಕೊಂಡಿತು. 2011ರಿಂದಲೇ ಎಷ್ಟೋ ತಟ್ಟೆಗಳು ಡಿಜಿಟಲ್ ಕಡತದಿಂದ ಬಂದಿದ್ದವು! ಹತ್ತು ವರ್ಷಕ್ಕೂ ಹೆಚ್ಚು ಕಾಲ ಚಿನ್ನದ ಕಿವಿಯವರು ಅವೇ ತಟ್ಟೆಗಳನ್ನು ಹಾಕ್ಕೊಂಡು, ಕಣ್ಣು ಮುಚ್ಚಿ, 'ಆಹಾ, ಡಿಜಿಟಲ್‌ನಲ್ಲಿ ಈ ಬಿಸುಪು ಎಲ್ಲಿ' ಅಂತಿದ್ರು. ಕತೆ ಕೋರ್ಟಿನವರೆಗೂ ಹೋಯ್ತು. ಕಿವಿಗಳ ಮಾನ ಹೋದದ್ದನ್ನು ಯಾವ ಕೋರ್ಟು ತುಂಬಿಕೊಡುತ್ತೆ?

ಹಾಗಂತ ತಟ್ಟೆಯ ಸದ್ದು ಕೆಟ್ಟದ್ದು ಅಂತಲ್ಲ. ನನಗೆ ಇಷ್ಟ. ಸೌದೆ ಒಲೆಯ ಸಾರು ನನಗೆ ಇಷ್ಟ ಅನ್ನೋದಕ್ಕೂ, ಗ್ಯಾಸಿನ ಸಾರಿನಲ್ಲಿ ಪೌಷ್ಟಿಕಾಂಶ ಇಲ್ಲ ಅಂತ ಭಾಷಣ ಮಾಡೋದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ರುಚಿ. ಎರಡನೆಯದು ಬುರುಡೆ.

ಬುರುಡೆಯಿಂದ ಯಾರಿಗೇನು ನಷ್ಟ ಅಂತೀರಾ? ಸ್ವಲ್ಪ ಇದೆ. ಸುಳ್ಳು ದೊಡ್ಡದಾದ ಹಾಗೆ ಬೆಲೆಯೂ ದೊಡ್ಡದಾಗುತ್ತೆ. ಆರು ವರ್ಷದ ಹಿಂದೆ 50 ರೂಪಾಯಿಗೆ ಸಿಗ್ತಿದ್ದ ಕನ್ನಡ ಇಪಿಗೆ ಈಗ ಗುಜರಿಯವನೂ ಮೊಬೈಲಿನಲ್ಲಿ ದರ ನೋಡಿ 600 ಹೇಳ್ತಾನೆ. ಅವನ ತಪ್ಪಲ್ಲ, ಏರಿಸಿದವರು ನಾವು. ಹೊಸದಾಗಿ ಅಚ್ಚಾದ ಎಲ್‌ಪಿಗೆ ಎರಡು ಮೂರು ಸಾವಿರ ಕೊಟ್ಟು, ಕಪಾಟಿನ ಮೇಲೆ ಗಿಡದ ಕುಂಡದ ಪಕ್ಕ ನಿಲ್ಲಿಸಿ, ಫೋಟೋ ತೆಗೆದು ಹಾಕುವವರು ಬೇರೆ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳು 4 ಕೋಟಿಗೂ ಹೆಚ್ಚು ಖರ್ಚಾಗಿ, 1987ರ ನಂತರ ಮೊದಲ ಬಾರಿ ಸಂಖ್ಯೆಯಲ್ಲಿ ಸಿಡಿಯನ್ನು ಹಿಂದೆ ಹಾಕಿದವು. ಲೂಮಿನೇಟ್ ಸಂಸ್ಥೆಯ 2023ರ ವರದಿ ಪ್ರಕಾರ ಅಲ್ಲಿ ವಿನೈಲ್ ಕೊಳ್ಳುವವರಲ್ಲಿ ತಟ್ಟೆ ನುಡಿಸುವ ಯಂತ್ರ ಇಟ್ಟುಕೊಂಡಿರುವವರು ಅರ್ಧದಷ್ಟು ಮಂದಿ ಮಾತ್ರ. ಉಳಿದರ್ಧ ಮಂದಿ ಕೊಂಡದ್ದು ಹಾಡನ್ನಲ್ಲ, ಚಿತ್ರ ಅಂಟಿಸಿದ ಪಿವಿಸಿ ಪ್ಲಾಸ್ಟಿಕ್ಕನ್ನು.

ಜೊತೆಗೆ ಮನೆಯ ಕಷ್ಟಗಳು ಬೇರೆ. ಬೆಂಗಳೂರಿನ ಮಳೆಗಾಲದಲ್ಲಿ ಕವರಿಗೆ ಬೂಷ್ಟು. ಬಿಸಿಲು ಬಿದ್ದರೆ ತಟ್ಟೆ ಹಪ್ಪಳದ ಹಾಗೆ ಸೊಟ್ಟ. ಮುಳ್ಳು ಸವೆದದ್ದು ಗೊತ್ತಾಗುವ ಹೊತ್ತಿಗೆ ಹತ್ತು ತಟ್ಟೆಯ ಗೆರೆ ಸವೆದಿರುತ್ತೆ. ಬಾಡಿಗೆ ಮನೆ ಬದಲಾಯಿಸಿದಾಗೆಲ್ಲ 75 ಕೆಜಿ. ಆದರೆ ಇದೆಲ್ಲ ನಮ್ಮ ದುಡ್ಡು, ನಮ್ಮ ಬೆನ್ನು. ಇಷ್ಟೇ ಆಗಿದ್ರೆ ನಾನು ಈ ಬರಹ ಬರೀತಿರಲಿಲ್ಲ.

ಎರಡನೇ ಸುಳ್ಳು: 'ನಾವು ಉಳಿಸ್ತಾ ಇದ್ದೀವಿ'

ನಮ್ಮಜ್ಜಿಗೆ ಈಗ 86. ತೀರ್ಥಹಳ್ಳಿ ಕಡೆಯವರು. ಅವರ ಅಪ್ಪ ಶಾಲೆ ಮೇಷ್ಟರು, ಊರಿಗೆ ಮೊದಲು ಕೀಲಿ ಕೊಡುವ ಗ್ರಾಮಫೋನ್ ತಂದವರು. ಸಂಜೆ ಜಗಲಿ ಮೇಲೆ ಅದನ್ನಿಟ್ಟರೆ ಅಕ್ಕಪಕ್ಕದ ನಾಲ್ಕು ಮನೆಯವರು ಬಂದು ಕೂರ್ತಿದ್ರಂತೆ. ಆ ಕಾಲದ ತಟ್ಟೆಗಳಲ್ಲಿ ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಒಂದು. ಕಂಪನಿ ನಾಟಕದ ಹಾಡು. ಲೇಬಲ್ಲಿನ ಅರ್ಧ ಹುಳ ತಿಂದಿತ್ತು. ಯಂತ್ರ ಹಾಳಾಗಿ ಐವತ್ತು ವರ್ಷದ ಮೇಲಾಗಿತ್ತು. ನಾನು ಟರ್ನ್‌ಟೇಬಲ್ ತಗೊಂಡ ಸುದ್ದಿ ಕೇಳಿ ಅಜ್ಜಿ ಅಟ್ಟದಿಂದ ಅದನ್ನು ಇಳಿಸಿ, ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟರು. 'ಒಂದು ಸಲ ಕೇಳಿಸು ಮಗಾ, ಚರಣ ಮರ್ತೇ ಹೋಗಿದೆ' ಅಂದರು.

ಮುಂದೆ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ತಟ್ಟೆ ತುಂಬ ಕೊಳೆ. ವಿನೈಲ್ ತಟ್ಟೆಗಳನ್ನು ಒರೆಸಿದ ಅಭ್ಯಾಸದಲ್ಲಿ, ಸರ್ಕ್ಯೂಟ್ ಬೋರ್ಡ್ ಒರೆಸಲು ಇಟ್ಟುಕೊಂಡಿದ್ದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ ಚೆನ್ನಾಗಿ ಉಜ್ಜಿದೆ. ಬಟ್ಟೆ ಕಪ್ಪಾಯಿತು. ಕೊಳೆ ಬಿಡ್ತಿದೆ ಅಂತ ಖುಷಿಯಿಂದ ಇನ್ನೂ ಉಜ್ಜಿದೆ. ಬಿಡ್ತಾ ಇದ್ದದ್ದು ಕೊಳೆಯಲ್ಲ, ತಟ್ಟೆ.

78ರ ತಟ್ಟೆ ವಿನೈಲ್ ಅಲ್ಲ. ವಿನೈಲ್ ಎಲ್‌ಪಿ ಬಂದದ್ದು 1948ರಲ್ಲಿ. ಅದಕ್ಕೆ ಮುಂಚಿನ ತಟ್ಟೆಗಳಲ್ಲಿ ಕಲ್ಲುಪುಡಿ, ಮಸಿಗಳನ್ನೆಲ್ಲ ಕಚ್ಚಿ ಹಿಡಿದಿರುವುದು ಅರಗು. ಮಹಾಭಾರತದ ಅರಗಿನ ಮನೆ ಗೊತ್ತಲ್ಲ, ಅದೇ ಅರಗು. ನಮ್ಮ ಕಾಡಿನ ಮರಗಳಲ್ಲಿ ಸಣ್ಣ ಹುಳ ಮಾಡುವ ಅಂಟು. ಅದು ಬೆಂಕಿಗೂ ಕರಗುತ್ತೆ, ಸ್ಪಿರಿಟ್ಟಿಗೂ ಕರಗುತ್ತೆ. ನಮ್ಮೂರಿನ ಬಡಗಿ ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಬಾಗಿಲಿಗೆ ಪಾಲಿಶ್ ಹೊಡೆಯೋದನ್ನು ನಾನು ಚಿಕ್ಕವನಿದ್ದಾಗ ಕೂತು ನೋಡಿದ್ದೆ. ಎಂಜಿನಿಯರಿಂಗ್ ಮುಗಿಸುವ ಹೊತ್ತಿಗೆ ಮರೆತಿದ್ದೆ.

ತಟ್ಟೆ ಹಾಕಿದಾಗ ಜೋರು ಮಳೆಯಲ್ಲಿ ಆಚೆ ದಡದಲ್ಲಿ ಯಾರೋ ಹಾಡಿದ ಹಾಗೆ ಒಂದು ದನಿ. ಪದ ಒಂದೂ ಬಿಡಿಸಲಾಗಲಿಲ್ಲ. ಅಜ್ಜಿ ಬೈಯಲಿಲ್ಲ. 'ಹಳೇದಾಗಿತ್ತು ಬಿಡು' ಅಂದರು. ಬೈದಿದ್ರೆ ವಾಸಿ ಇತ್ತು.

ಅವತ್ತಿನಿಂದ ನಾನು ಅದರ ಇನ್ನೊಂದು ಪ್ರತಿ ಹುಡುಕಲು ಶುರು ಮಾಡಿದೆ. ಲೇಬಲ್ ಹೋದರೂ, ಲೇಬಲ್ಲಿನ ಸುತ್ತ ಹಾಡಿಲ್ಲದ ಖಾಲಿ ಜಾಗದಲ್ಲಿ ತಟ್ಟೆಯ ಮೈಗೇ ಒತ್ತಿದ ಒಂದು ಸಂಖ್ಯೆ ಇರುತ್ತೆ. ಧ್ವನಿಮುದ್ರಣದ ಆಧಾರ್ ನಂಬರ್ ಅಂದ್ಕೊಳ್ಳಿ. ಅದನ್ನು ಹಿಡಿದು ಎರಡು ವರ್ಷ ಮೈಸೂರು, ಹುಬ್ಬಳ್ಳಿ, ಬೆಂಗಳೂರು ಸುತ್ತಿದೆ. ಕೊನೆಗೆ ಸಿಕ್ಕಿತು, ನಮ್ಮ ಬೆಂಗಳೂರಿನಲ್ಲೇ, ಒಬ್ಬ ಹಿರಿಯ ಸಂಗ್ರಾಹಕರ ಮನೆಯಲ್ಲಿ. ಹೆಸರು ಬೇಡ. ಹಾಡಿನ ಹೆಸರನ್ನೂ ಹಾಕಲ್ಲ, ಹಾಕಿದ್ರೆ ಅವರು ಯಾರು ಅಂತ ಈ ಸರ್ಕಲ್ಲಿನಲ್ಲಿ ಗೊತ್ತಾಗಿಬಿಡುತ್ತೆ.

ಒಳ್ಳೇ ಮನುಷ್ಯರು. ಕಾಫಿ ಕೊಟ್ಟರು. ಸಾವಿರಾರು ತಟ್ಟೆ, ಎಸಿ ರೂಮು, ಕ್ರಮವಾಗಿ ಪಟ್ಟಿ. ನನ್ನ ತಟ್ಟೆಯನ್ನು ಹೊರಗೆ ತೆಗೆದು ತೋರಿಸಿದರು. ಕನ್ನಡಿಯ ಹಾಗೆ ಹೊಳೀತಿತ್ತು. 'ಮೂರೇ ನಿಮಿಷ ಸಾರ್. ಒಂದು ಸಲ ಹಾಕಿ, ನಾನು ರೆಕಾರ್ಡ್ ಮಾಡ್ಕೋತೀನಿ. ಅಜ್ಜಿಗೆ' ಅಂದೆ. ಅವರು ನಕ್ಕು ಅದನ್ನು ಲಕೋಟೆಗೆ ವಾಪಸ್ ಹಾಕಿದರು. 'ಒಂದು ಸಲ ಹೊರಗೆ ಹೋದ್ರೆ ಮುಗೀತಪ್ಪ. ನಾವು ಇದನ್ನೆಲ್ಲ ಉಳಿಸ್ತಾ ಇದ್ದೀವಿ' ಅಂದರು.

ನಾಯಿ ಬಣವೆ ಮೇಲೆ ಮಲಗಿದ ಕತೆ ನೆನಪಾಯಿತು. ತಾನೂ ತಿನ್ನಲ್ಲ, ಹಸುವಿಗೂ ಬಿಡಲ್ಲ. ವಿಚಿತ್ರ ಅಂದ್ರೆ ಆ ತಟ್ಟೆಯ ಲೇಬಲ್ ಮೇಲೂ ಒಂದು ನಾಯಿ ಇತ್ತು, ಎಚ್‌ಎಂವಿಯದು. ಫ್ರಾನ್ಸಿಸ್ ಬರಾಡ್ ಅನ್ನೋ ಚಿತ್ರಕಾರ ಬರೆದ ನಿಪ್ಪರ್. ಅದು ಪಾಪ ಕೊಳವೆಗೆ ಕಿವಿಕೊಟ್ಟು ಕೂತಿದೆ. ಕೇಳ್ತಾ ಇದೆ!

ನೆಪಗಳ ಪಟ್ಟಿ

ಆಮೇಲೆ ಬೇರೆ ಐದಾರು ಸಂಗ್ರಾಹಕರ ಹತ್ತಿರವೂ ಈ ವಿಷಯ ಮಾತಾಡಿದೆ. ಇಬ್ಬರು ಬಿಟ್ಟರೆ ಎಲ್ಲರದ್ದೂ ಇವೇ ಉತ್ತರ. ಒಂದೊಂದಾಗಿ ನೋಡೋಣ.

ಒಂದು, 'ಹಾಕಿದ್ರೆ ಸವೆಯುತ್ತೆ.' ಹೌದು, ಸವೆಯುತ್ತೆ. ಹಳೇ ಕಾಲದ ಉಕ್ಕಿನ ಮುಳ್ಳು ಮತ್ತು ಭಾರದ ತೋಳಿನಲ್ಲಿ ಹಾಕಿದ್ರೆ ಬಹಳವೇ ಸವೆಯುತ್ತೆ. ಈಗಿನ ಹಗುರ ತೋಳು, 78ರ ಅಗಲ ಗೆರೆಗೆ ತಕ್ಕ ಮುಳ್ಳು ಇಟ್ಟು ಒಂದು ಸಲ ಹಾಕಿದ್ರೆ ಏನೂ ಆಗಲ್ಲ. ಆ ಒಂದು ಸಲ ಸರಿಯಾಗಿ ಡಿಜಿಟಲ್ ಪ್ರತಿ ಮಾಡಿಟ್ಟುಕೊಂಡರೆ ಆಮೇಲೆ ಎಂದಿಗೂ ಹಾಕಬೇಕಾಗಿಲ್ಲ. ತಟ್ಟೆ ಸವೆಯಬಾರದು ಅನ್ನುವವರೇ ಪ್ರತಿ ಮಾಡಲು ಮೊದಲು ಓಡಬೇಕು.

ಎರಡು, 'ಎಲ್ಲರಿಗೂ ಸಿಕ್ಕಿದ್ರೆ ನನ್ನ ತಟ್ಟೆಗೆ ಬೆಲೆ ಎಲ್ಲಿ?' ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಕಣ್ಣು ಹೇಳುತ್ತೆ. ಸ್ವಾಮಿ, ಹಳೇ ನಾಣ್ಯದ ಚಿತ್ರ ಅಂತರ್ಜಾಲದಲ್ಲಿ ಇದೆ ಅಂತ ನಾಣ್ಯದ ಬೆಲೆ ಬಿದ್ದಿದೆಯಾ? ಒಂದು ವೇಳೆ ಬೀಳುತ್ತೆ ಅಂತಲೇ ಇಟ್ಕೊಳ್ಳಿ, ಆಗ 'ನಾವು ಉಳಿಸ್ತಾ ಇದ್ದೀವಿ' ಅನ್ನೋ ಮಾತು ಬಿಟ್ಟು 'ನಾವು ವ್ಯಾಪಾರ ಮಾಡ್ತಾ ಇದ್ದೀವಿ' ಅನ್ನಿ. ವ್ಯಾಪಾರ ತಪ್ಪಲ್ಲ. ವ್ಯಾಪಾರಕ್ಕೆ ಸೇವೆ ಅಂತ ಬೋರ್ಡು ಹಾಕೋದು ತಪ್ಪು.

ಮೂರು, 'ಕಾಪಿರೈಟ್ ಇದೆ.' ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅಂದ್ರೆ 1960ಕ್ಕೆ ಮುಂಚಿನ ತಟ್ಟೆಗಳ ಧ್ವನಿಮುದ್ರಣದ ಹಕ್ಕು ಮುಗಿದಿದೆ. ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ನಂತರ 60 ವರ್ಷ ಇರುತ್ತೆ. ಹಾಗಾಗಿ ಎಲ್ಲವನ್ನೂ ಕಣ್ಣುಮುಚ್ಚಿ ಅಂತರ್ಜಾಲಕ್ಕೆ ಸುರಿಯಿರಿ ಅಂತ ನಾನು ಹೇಳ್ತಿಲ್ಲ. ಅಮೆರಿಕದಲ್ಲಿ ಇಂಟರ್ನೆಟ್ ಆರ್ಕೈವ್ ತನ್ನ 'ಗ್ರೇಟ್ 78 ಪ್ರಾಜೆಕ್ಟ್'ನಲ್ಲಿ ಹಳೇ ತಟ್ಟೆಗಳನ್ನು ಹಾಕಿ, 2023ರಲ್ಲಿ ರೆಕಾರ್ಡ್ ಕಂಪನಿಗಳಿಂದ ಕೇಸು ಹಾಕಿಸಿಕೊಂಡು, 2025ರಲ್ಲಿ ರಾಜಿ ಆಗಬೇಕಾಯ್ತು. ಅಲ್ಲಿನ ಕಾನೂನು ಬೇರೆ, ಆದರೂ ಎಚ್ಚರ ಒಳ್ಳೇದೇ. ಆದರೆ ಸ್ವಂತ ಬಳಕೆಗೆ, ಸಂಶೋಧನೆಗೆ ನ್ಯಾಯವಾಗಿ ಬಳಸಿಕೊಳ್ಳಲು ನಮ್ಮ ಕಾಯಿದೆಯ 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. 86ರ ಮುದುಕಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂರು ನಿಮಿಷದ ಹಾಡು ಕೇಳಿದ್ರೆ ಯಾವ ಕಂಪನಿ ಕೇಸು ಹಾಕುತ್ತೆ ಅಂತ ನಾನೂ ನೋಡ್ತೀನಿ.

ನಾಲ್ಕು, 'ಕೊಟ್ಟು ಕೆಟ್ಟಿದ್ದೀವಿ.' ಈ ಒಂದು ಮಾತಿಗೆ ಮಾತ್ರ ನಾನು ತಲೆ ಬಾಗಿಸ್ತೀನಿ. ಆ ಹಿರಿಯರು ಹಿಂದೆ ಯಾರಿಗೋ ನಂಬಿ ಹನ್ನೆರಡು ತಟ್ಟೆ ಕೊಟ್ಟಿದ್ರಂತೆ, ಎರಡು ಒಡೆದು ಬಂದವು, ಉಳಿದವು ಬರಲೇ ಇಲ್ಲ. ಅವರ ಅನುಮಾನ ನ್ಯಾಯವಾದದ್ದೇ. ಅಜ್ಜಿಯ ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ತೊಳೆದ ನನ್ನಂಥವನ ಕೈಗೆ ತಟ್ಟೆ ಕೊಡಿ ಅಂತ ಕೇಳುವ ಯೋಗ್ಯತೆ ನನಗೂ ಇಲ್ಲ. ಆದರೆ ನಾನು ಕೇಳಿದ್ದು ತಟ್ಟೆಯನ್ನಲ್ಲ. ಅವರ ಮನೆಯಲ್ಲೇ, ಅವರ ಯಂತ್ರದಲ್ಲೇ, ಅವರೇ ಮುಟ್ಟಿ ಹಾಕಲಿ. ನನಗೆ ಬೇಕಾದ್ದು ಒಂದು ತಂತಿಯ ತುದಿ.

ಉಳಿಸೋದು ಅಂದ್ರೆ ಏನು?

ಗಂಗೂಬಾಯಿ ಹಾನಗಲ್ (1913-2009) ಅಂದ ಕೂಡಲೇ ನಮ್ಮ ಕಿವಿಗೆ ಬರೋದು ಆ ಗಡುಸಾದ, ಗಂಡುದನಿಯಂಥ ಕಂಠ. ಅದು ಮೊದಲಿನಿಂದ ಹಾಗಿರಲಿಲ್ಲ. ಗಂಟಲಿನ ತೊಂದರೆಗೆ ಚಿಕಿತ್ಸೆ ಆದ ಮೇಲೆ ದನಿ ಬದಲಾಯಿತು. 1930ರ ದಶಕದಲ್ಲಿ ಗಾಂಧಾರಿ ಅನ್ನೋ ಹೆಸರಿನಲ್ಲಿ ಅವರು ಹಾಡಿದ ತಟ್ಟೆಗಳಲ್ಲಿ ಇರೋದು ತೆಳುವಾದ, ಎಳೆಯ ದನಿ. ನಮ್ಮಲ್ಲಿ ಟೇಪ್ ರೆಕಾರ್ಡರ್ ಇಲ್ಲದ ಕಾಲ. ಆ ದನಿ ಲೋಕದಲ್ಲಿ ಉಳಿದಿರೋದು ಆ ಅರಗಿನ ಗೆರೆಗಳಲ್ಲಿ ಮಾತ್ರ. ಅದನ್ನು ಯಾರೋ ಒಬ್ಬರು ಬೀರುವಿನಲ್ಲಿಟ್ಟು ಬೀಗ ಹಾಕಿದ್ರೆ ಉಳಿದ ಹಾಗಾ? ಕೇಳಿಸದ ದನಿ ದನಿಯೇನು?

ಗೌಹರ್ ಜಾನ್ ವಿಷಯ ನೋಡಿ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಧ್ವನಿ ಮುದ್ರಿಸಿಕೊಂಡ ಗಾಯಕಿ. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಹೇಳಿಕೊಳ್ತಿದ್ದಳು. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡಳು. ಅವಳ ದನಿಯನ್ನು ಇವತ್ತು ನೀವು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಕೇಳಬಹುದು. ಯಾಕೆ? ತಟ್ಟೆ ಇದ್ದವರು ಕೊಟ್ಟರು, ಯಂತ್ರ ಇದ್ದವರು ಪ್ರತಿ ಮಾಡಿದರು. ಅವಳ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಎಷ್ಟೋ ತಟ್ಟೆಗಳನ್ನು ಡಿಜಿಟಲ್ ಮಾಡಿ ಪುಕ್ಕಟೆ ಕೇಳಲು ಇಟ್ಟಿತು. ಹೆಸರು ಹೇಳಿಕೊಳ್ಳದೆ ಯೂಟ್ಯೂಬಿನಲ್ಲಿ ಹಳೇ ಕನ್ನಡ ತಟ್ಟೆಗಳನ್ನು ಲೇಬಲ್ಲಿನ ಫೋಟೋ ಸಮೇತ ಹಾಕುವ ಪುಣ್ಯಾತ್ಮರೂ ಇದ್ದಾರೆ. ಅವರ ಕಾಲಿಗೆ ಅಡ್ಡ ಬೀಳಬೇಕು. ಉಳಿಸೋರು ಅಂದ್ರೆ ಅವರು.

ಸಾಫ್ಟ್‌ವೇರಿನವರಿಗೆ ಇದನ್ನು ವಿವರಿಸೋದೇ ಬೇಡ. ಒಂದೇ ಒಂದು ಪ್ರತಿ, ಅದೂ ಒಬ್ಬನ ಲ್ಯಾಪ್‌ಟಾಪಿನಲ್ಲಿ, ಪಾಸ್‌ವರ್ಡ್ ಅವನಿಗೆ ಮಾತ್ರ ಗೊತ್ತು ಅಂದ್ರೆ ಅದನ್ನು ಬ್ಯಾಕಪ್ ಅಂತೀವಾ? ಅವಘಡಕ್ಕೆ ಕಾಯ್ತಿರೋ ಡೇಟಾ ಅಂತೀವಿ. ಎಷ್ಟೋ ಸಂಗ್ರಾಹಕರು ತೀರಿಕೊಂಡ ವರ್ಷದೊಳಗೆ ಮಕ್ಕಳು ಜಾಗ ಖಾಲಿ ಮಾಡಲು ಎಲ್ಲವನ್ನೂ ಗುಜರಿಗೆ ತೂಕಕ್ಕೆ ಹಾಕಿದ್ದನ್ನು ಸಂಡೇ ಬಜಾರಿನಲ್ಲಿ ನಾನೇ ಕಣ್ಣಾರೆ ಕಂಡಿದ್ದೀನಿ. ಆ ರಾಶಿಯಿಂದಲೇ ಆರಿಸಿ ತಂದು ಖುಷಿಪಟ್ಟಿದ್ದೀನಿ ಕೂಡ! ಎಸಿ ರೂಮಿನ ಆ ಹೊಳೆಯುವ ತಟ್ಟೆಗೂ ಮುಂದೊಂದು ದಿನ ಅದೇ ಗತಿ ಬರಬಹುದು.

ಬೇರೆಯವರಿಗೆ ಬುದ್ಧಿ ಹೇಳಿದ್ದಾಯ್ತು, ನೀನೇನು ಮಾಡಿದ್ದೀಯಾ ಅಂತ ಕೇಳಿ. ನನ್ನ 38 ಹಳೇ ತಟ್ಟೆಗಳಲ್ಲಿ 31 ಪ್ರತಿ ಮಾಡಿ ಮುಗಿಸಿದ್ದೀನಿ. ಡಿಸ್ಟಿಲ್ಡ್ ನೀರಿಗೆ ಒಂದೇ ತೊಟ್ಟು ಪಾತ್ರೆ ಸೋಪು, ಮೆತ್ತನೆ ಬಟ್ಟೆ, ಲೇಬಲ್ ಒದ್ದೆಯಾಗಬಾರದು. ಸ್ಪಿರಿಟ್ ಹತ್ತಿರವೂ ಸುಳಿಯಬಾರದು (ಈ ವಾಕ್ಯವನ್ನು ನೂರು ಸಲ ಬರೀಬೇಕು ನಾನು). ಶಬ್ದವನ್ನು 24 ಬಿಟ್‌ನಲ್ಲಿ, ಎಂಪಿ3 ಅಲ್ಲದೆ ಏನೂ ಕಳೆಯದ ಕಡತವಾಗಿ ಉಳಿಸಬೇಕು. ಲೇಬಲ್ಲಿನ ಫೋಟೋ, ಮೈಮೇಲಿನ ಸಂಖ್ಯೆ ಜೊತೆಗಿರಬೇಕು. ಒಂದು ತಟ್ಟೆಗೆ ಎಲ್ಲ ಸೇರಿ ಮುಕ್ಕಾಲು ಗಂಟೆ. ಹಕ್ಕು ಮುಗಿದವನ್ನು ಯಾರು ಕೇಳಿದರೂ ಕೊಡ್ತೀನಿ. ಕೇಳದಿದ್ರೂ ಕೊಡ್ತೀನಿ :)

ನಿಮ್ಮ ಊರಿನ ಮನೆ ಅಟ್ಟದಲ್ಲಿ ಇಂಥವು ಇದ್ದರೆ ದಯವಿಟ್ಟು ಕೆಜಿ ಲೆಕ್ಕಕ್ಕೆ ಹಾಕಬೇಡಿ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಇಲ್ಲಿ ಒಂದು ಸಾಲು ಬರೆದು ಹಾಕಿ. ಬೆಂಗಳೂರಿನ ಸುತ್ತಮುತ್ತ ಆದರೆ ಶನಿವಾರ ನಾನೇ ಯಂತ್ರ ಹೊತ್ತುಕೊಂಡು ಬರ್ತೀನಿ. ತಟ್ಟೆ ನಿಮ್ಮದೇ, ಮುಟ್ಟುವವರೂ ನೀವೇ. ಕಾಫಿ ಕೊಟ್ಟರೆ ಸಾಕು.

ಆ ಹಿರಿಯರ ಮನೆಗೆ ಇನ್ನೊಂದು ಸಲ ಹೋಗ್ತೀನಿ. ಈ ಸಲ ಅಜ್ಜಿಯನ್ನೇ ಕರ್ಕೊಂಡು. ರೆಕಾರ್ಡ್ ಮಾಡೋದು ಬೇಡ ಅಂದ್ರೆ ಬೇಡ, ಅಜ್ಜಿ ಎದುರು ಕೂತು ಕೇಳಲಿ. ಕಳೆದ ವಾರ ಊರಿಗೆ ಹೋದಾಗ ಅವಲಕ್ಕಿ ಆರಿಸ್ತಾ ಪಲ್ಲವಿ ಗುನುಗ್ತಾ ಇದ್ದರು. ಚರಣದ ಹತ್ತಿರ ಬಂದು ನಿಂತರು, ಮತ್ತೆ ಪಲ್ಲವಿಗೇ ವಾಪಸ್ ಹೋದರು. ಮುಳ್ಳು ಸಿಕ್ಕಿಕೊಂಡ ಪ್ಲೇಟಿನ ಹಾಗೆ. ಹೋದ ವರ್ಷ ಪಲ್ಲವಿ ಪೂರ್ತಿ ಬರ್ತಿತ್ತು. ಈಗ ಅದರಲ್ಲೂ ಒಂದು ಪದ ಬಿಟ್ಟುಹೋಗಿದೆ.